2024ರಲ್ಲಿ ನಿಮಗೆ ತುಂಬಾ ಇಷ್ಟವಾದ ಸಿನಿಮಾ ಯಾವುದು? ನೋಡಿದವರು ಹೇಳಿ

ಹೊಸಮನೆ:
2024 ಪೂರ್ತಿ ಮನೆ ಕಟ್ಟಿಸುವುದರಲ್ಲೇ ಹೋಯಿತು. ಸಿಮೆಂಟು, ಮರಳು, ಮೇಸ್ತ್ರಿ, ಇಷ್ಟೇ ನಮ್ಮ ಮನರಂಜನೆ. ಥಿಯೇಟರ್ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಈಗ ಗೃಹಪ್ರವೇಶ ಮುಗಿದಿದೆ, ಹಾಲ್‌ನಲ್ಲಿ ಟಿವಿ ಬಂದಿದೆ, 2024ರ ಬಾಕಿ ತೀರಿಸಬೇಕು. ಗೂಗಲ್ ಮಾಡಿದರೆ ಬರೀ ಕೋಟಿ ಲೆಕ್ಕ ಮತ್ತು ಟಾಪ್ ಟೆನ್. ಅದು ಬೇಡ. ನೀವೇ ಕೂತು ನೋಡಿ ನಿಮಗೆ ಇಷ್ಟವಾದದ್ದು ಹೇಳಿ, ಯಾಕೆ ಇಷ್ಟವಾಯಿತು ಅಂತಲೂ ಹೇಳಿ. ಯಾವ ಭಾಷೆಯಾದರೂ ಸರಿ. ಕಥೆ ಪೂರ್ತಿ ಬಿಚ್ಚಿಡಬೇಡಿ ಪ್ಲೀಸ್. ಮನೆಯಲ್ಲಿ ಅತ್ತೆ ಇದ್ದಾರೆ, ತೆರೆ ಮೇಲೆ ರಕ್ತ ಕಂಡರೆ ಎದ್ದು ಒಳಗೆ ಹೋಗುತ್ತಾರೆ. ಮಗ ಎಸ್ಸೆಸ್ಸೆಲ್ಸಿ. ಯಜಮಾನರು ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುತ್ತಾರೆ, ಅವರನ್ನು ಎಚ್ಚರವಾಗಿಡುವ ಸಿನಿಮಾ ಇದ್ದರೆ ದೊಡ್ಡ ಉಪಕಾರ.

ಮಲೆನಾಡ ಮಳೆ:
ಮೊದಲು ಎಚ್ಚರಿಕೆ. ಹೆಸರು ನೋಡಿ ‘ಶಾಖಾಹಾರಿ’ಯನ್ನು ಅತ್ತೆಯವರಿಗೆ ಹಾಕಿಬಿಟ್ಟೀರಿ! ಅದು ಮಲೆನಾಡಿನ ಹಳ್ಳಿಯೊಂದರ ಸಸ್ಯಾಹಾರಿ ಹೋಟೆಲ್ಲಿನ ಕಥೆ ನಿಜ, ಆದರೆ ಅಡುಗೆಮನೆಯಲ್ಲಿ ನಡೆಯುವುದೆಲ್ಲ ಸಸ್ಯಾಹಾರ ಅಲ್ಲ. ನನಗೆ ವರ್ಷದ ಸಿನಿಮಾ ಅಂದರೆ ಅದೇ. ರಂಗಾಯಣ ರಘು ಅವರನ್ನು ನಾವು ಎಷ್ಟೋ ವರ್ಷದಿಂದ ಕಿರುಚಾಡುವ ಕಾಮಿಡಿಗೇ ಕಟ್ಟಿಹಾಕಿದ್ದೆವು ಅಲ್ವಾ. ಇಲ್ಲಿ ಅವರು ಸುಬ್ಬಣ್ಣ. ಮದುವೆಯಾಗದೆ ಉಳಿದ, ಹೆಚ್ಚು ಮಾತಾಡದ ಹೋಟೆಲ್ ಮಾಲೀಕ. ಗಾಯಗೊಂಡ ಒಬ್ಬ ಹುಡುಗ ಪೊಲೀಸರಿಂದ ತಪ್ಪಿಸಿಕೊಂಡು ಬಂದು ಆ ಹೋಟೆಲ್ಲಿನಲ್ಲಿ ಅಡಗುತ್ತಾನೆ. ಇಷ್ಟೇ ಹೇಳುತ್ತೇನೆ. ಪೊಲೀಸ್ ಆಗಿ ಗೋಪಾಲಕೃಷ್ಣ ದೇಶಪಾಂಡೆ. ಇಬ್ಬರೂ ಎದುರುಬದುರು ಬಂದಾಗ ಯಾರೂ ದನಿ ಎತ್ತುವುದಿಲ್ಲ, ಬೆವರುವವರು ನಾವು. ನಿರ್ದೇಶಕ ಸಂದೀಪ್ ಸುಂಕದ್. ಅತ್ತೆ ಮಲಗಿದ ಮೇಲೆ ನೋಡಿ.

ಇನ್ನೊಂದು ‘ಕೆರೆಬೇಟೆ’. ಸಾಗರ, ಸೊರಬದ ಕಡೆಯವರಿಗೆ ಕೆರೆಬೇಟೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ: ಬೇಸಿಗೆಯಲ್ಲಿ ಕೆರೆ ನೀರು ತಗ್ಗಿದಾಗ ಊರೂರಿನವರು ಸೇರಿ ಒಟ್ಟಿಗೆ ಕೆರೆಗೆ ಇಳಿಯುತ್ತಾರೆ, ಬಿದಿರಿನ ಬುಟ್ಟಿಯಂಥ ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ಮೀನು ಹಿಡಿಯುತ್ತಾರೆ. ಆ ಕೂಗು, ಆ ಕೆಸರು, ಆ ನೂಕುನುಗ್ಗಲು ದೊಡ್ಡ ಪರದೆಯಲ್ಲಿ ಬಂದಾಗ ನಮ್ಮ ಥಿಯೇಟರ್‌ನಲ್ಲಿ ಸೀಟಿಯೋ ಸೀಟಿ. ಗೌರಿಶಂಕರ್ ನಾಯಕ, ರಾಜ್‌ಗುರು ನಿರ್ದೇಶನ. ಮೊದಲರ್ಧದ ಪ್ರೀತಿಪ್ರೇಮ ಸ್ವಲ್ಪ ಎಳೆದಿದ್ದಾರೆ, ಸಹಿಸಿಕೊಳ್ಳಿ. ಆಮೇಲೆ ಜಾತಿಯ ವಿಷಯಕ್ಕೆ ಬಂದಾಗ ಸಿನಿಮಾ ಮುಖ ತಿರುಗಿಸುವುದಿಲ್ಲ. ಇದೂ ಅತ್ತೆಯವರಿಗೆ ಬೇಡ.

ಹೊಸಮನೆ:
ಅಯ್ಯೋ, ಶಾಖಾಹಾರಿ ಅಂದ ತಕ್ಷಣ ಅತ್ತೆಗೆ ಅಂತಲೇ ಬರೆದುಕೊಂಡಿದ್ದೆ! ಬಚಾವ್.

ಗಂಗಾವತಿ ಮೇಷ್ಟ್ರು:
ನಮ್ಮ ಕಡೆಯ ಎರಡು ಸಿನಿಮಾ ಹೇಳುತ್ತೇನೆ. ಇವೆರಡೂ ನಮ್ಮ ಸುತ್ತಮುತ್ತಲಿನ ಥಿಯೇಟರ್‌ಗಳಲ್ಲಿ ಸರಿಯಾಗಿ ಉಸಿರೂ ಬಿಡಲಿಲ್ಲ ಎನ್ನುವ ಸಿಟ್ಟು ನನಗಿನ್ನೂ ಇದೆ.

ಒಂದು ‘ಶಿವಮ್ಮ’. ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ನಿಜವಾದ ಊರು. ಸಿನಿಮಾ ಅಲ್ಲೇ ನಡೆಯುತ್ತದೆ, ನಟಿಸಿದವರಲ್ಲಿ ಹೆಚ್ಚಿನವರು ಆ ಕಡೆಯ ಜನ. ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ಗಂಡನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಯಾರೋ ಬಂದು ಇದು ಶಕ್ತಿಪೇಯ, ಕುಡಿದರೆ ಎಲ್ಲ ಸರಿಹೋಗುತ್ತದೆ, ಮಾರಿದರೆ ದುಡ್ಡೂ ಬರುತ್ತದೆ ಅಂತ ಹೇಳುತ್ತಾರೆ. ಈಕೆ ಅದನ್ನು ನಂಬಿ ಕೂಡಿಟ್ಟ ಹಣ ಹಾಕುತ್ತಾಳೆ. ಹಾಕಿ ಸುಮ್ಮನೆ ಕೂರುವುದಿಲ್ಲ, ಚೀಲ ಹೆಗಲಿಗೇರಿಸಿ ಮನೆಮನೆಗೆ ಹೋಗುತ್ತಾಳೆ.

ನಮ್ಮ ಓಣಿಯಲ್ಲೂ ಇಂಥ ಡಬ್ಬಿ ತಂದವರಿದ್ದರು. ನಮ್ಮ ಚಿಕ್ಕಮ್ಮನೇ ಒಂದು ಕಪಾಟು ತುಂಬ ಪೌಡರ್ ತಂದಿಟ್ಟಿದ್ದಳು, ಬಂದ ನೆಂಟರಿಗೆಲ್ಲ ಚಹಾದ ಬದಲು ಅದೇ. ನಗು ಬರುತ್ತಿತ್ತು, ಆದರೆ ಎದುರಿಗೆ ನಗಲು ಆಗುತ್ತಿರಲಿಲ್ಲ. ಸಿನಿಮಾದ ಜೀವ ಇರುವುದು ಅಲ್ಲೇ. ಬೇರೆ ಯಾರಾದರೂ ಮಾಡಿದ್ದರೆ ‘ಪಾಪ ಮುಗ್ಧ ಹಳ್ಳಿ ಹೆಂಗಸು, ಮೋಸ ಹೋದಳು’ ಅಂತ ಕಣ್ಣೀರು ಹಾಕಿಸುತ್ತಿದ್ದರು. ಇಲ್ಲಿ ಶಿವಮ್ಮ ಜಗಳಗಂಟಿ, ಹಟಮಾರಿ, ಬೈದವರಿಗೆ ತಿರುಗಿ ಬೈಯುವವಳು. ಶರಣಮ್ಮ ಚಟ್ಟಿ ಅವರು ಅದನ್ನು ಎಷ್ಟು ಸಲೀಸಾಗಿ ಮಾಡಿದ್ದಾರೆ ಅಂದರೆ ಕ್ಯಾಮೆರಾ ಇದೆ ಅನ್ನುವುದೇ ಮರೆತುಹೋಗುತ್ತದೆ. ನಿರ್ದೇಶಕ ಜೈಶಂಕರ್ ಆರ್ಯರ್, ನಿರ್ಮಾಣ ರಿಷಬ್ ಶೆಟ್ಟಿ. 2022ರಲ್ಲೇ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂದಿತ್ತು. ಕೊರಿಯಾದವರು ನೋಡಿ ಮೆಚ್ಚಿದ ಮೇಲೆ ಕೊಪ್ಪಳದವರಿಗೆ ನೋಡಲು ಸಿಕ್ಕಿದ್ದು 2024ರ ಜೂನ್‌ನಲ್ಲಿ. ಏನು ಹೇಳೋಣ.

ಇನ್ನೊಂದು ‘ಫೋಟೋ’, ಉತ್ಸವ್ ಗೋನವಾರ ಅವರದ್ದು. ರಾಯಚೂರು ಕಡೆಯ ಒಬ್ಬ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ. ಹುಡುಗ ಬೆಂಗಳೂರಿಗೆ ಬರುವುದಕ್ಕೂ 2020ರ ಲಾಕ್‌ಡೌನ್ ಆಗುವುದಕ್ಕೂ ಸರಿಹೋಗುತ್ತದೆ. ಮುಂದೆ ರಸ್ತೆ, ಬಿಸಿಲು, ನಡಿಗೆ. ಆ ವರ್ಷ ನಮ್ಮೂರಿಗೆ ಹಾಗೆ ನಡೆದು ಬಂದವರ ಕಾಲು ನೋಡಿದ್ದೇನೆ, ಅದಕ್ಕೇ ಇದರ ಬಗ್ಗೆ ಜಾಸ್ತಿ ಬರೆಯಲು ಆಗುತ್ತಿಲ್ಲ. ನಿಮ್ಮ ಮಗನ ಜೊತೆ ಕೂತು ನೋಡಿ. ಹಬ್ಬದ ದಿನ ಮಾತ್ರ ಹಾಕಬೇಡಿ.

ಮೊದಲ ಶೋ:
ಗುರುಗಳೇ, ಎಲ್ಲರೂ ಅಳಿಸುವ ಸಿನಿಮಾನೇ ಹೇಳಿದರೆ ಹೇಗೆ? ಹೊಸ ಮನೆಗೆ ಹೋಗಿದ್ದಾರೆ ಪಾಪ, ಸ್ವಲ್ಪ ಗದ್ದಲ ಇರಲಿ. ನನ್ನಂಥ ಶುಕ್ರವಾರದ ಗಿರಾಕಿಗೆ ವರ್ಷದ ಮೊದಲರ್ಧ ಬರೀ ಉಪವಾಸ. ಬೆಳಗಿನ ಆಟಕ್ಕೆ ಹೋದರೆ ಜನ ಇಲ್ಲ ಅಂತ ಶೋ ರದ್ದು ಮಾಡಿ ದುಡ್ಡು ವಾಪಸ್ ಕೊಟ್ಟದ್ದೂ ಉಂಟು. ಆಗಸ್ಟ್‌ನಲ್ಲಿ ಸ್ವಲ್ಪ ಜೀವ ಬಂತು. 9ಕ್ಕೆ ‘ಭೀಮ’, 15ಕ್ಕೆ ‘ಕೃಷ್ಣಂ ಪ್ರಣಯ ಸಖಿ’.

ಭೀಮ ದುನಿಯಾ ವಿಜಯ್ ನಟಿಸಿ ನಿರ್ದೇಶಿಸಿದ್ದು, ಬೆಂಗಳೂರಿನ ಗಲ್ಲಿಗಳಲ್ಲಿ ಗಾಂಜಾ, ಮಾತ್ರೆ ಅಂತ ಹಾಳಾಗುವ ಹುಡುಗರ ಕಥೆ. ನಯನಾಜೂಕು ಏನೂ ಇಲ್ಲ. ಇನ್‌ಸ್ಪೆಕ್ಟರ್ ಗಿರಿಜಾ ಆಗಿ ಪ್ರಿಯಾ ಷಟಮರ್ಷಣ ಎಂಟ್ರಿ ಕೊಟ್ಟಾಗ ಹೀರೋಗೆ ಬಿದ್ದಷ್ಟೇ ಶಿಳ್ಳೆ ಬಿತ್ತು. ಚರಣ್ ರಾಜ್ ಸಂಗೀತ ಬೇರೆ. ಕೃಷ್ಣಂ ಪ್ರಣಯ ಸಖಿ ಇದಕ್ಕೆ ಪೂರ್ತಿ ಉಲ್ಟಾ. ಗಣೇಶ್, ದೊಡ್ಡ ಕುಟುಂಬ, ಬಣ್ಣಬಣ್ಣದ ಬಟ್ಟೆ, ‘ದ್ವಾಪರ’ ಹಾಡು. ಕಥೆಯಲ್ಲಿ ಲಾಜಿಕ್ ಹುಡುಕಿದರೆ ಸಿಗುವುದಿಲ್ಲ. ಆದರೆ ಅತ್ತೆಯವರಿಗೆ ಖಂಡಿತ ಹಿಡಿಸುತ್ತದೆ. ಆ ಹಾಡು ಹಾಡಿದ ಜಸ್ಕರಣ್ ಸಿಂಗ್ ಪಂಜಾಬಿನ ಹುಡುಗ, ನಮ್ಮ ಸರಿಗಮಪದಿಂದ ಬಂದವನು, ಅದನ್ನೂ ಹೇಳಿ, ಅರ್ಧ ಗಂಟೆ ಮಾತಿಗೆ ವಸ್ತು ಆಗುತ್ತದೆ.

ಯಜಮಾನರಿಗೆ ‘ಮ್ಯಾಕ್ಸ್’. ಸುದೀಪ್, ಒಂದೇ ರಾತ್ರಿ, ಪೊಲೀಸ್ ಠಾಣೆ. ಮಲಗಲು ಬಿಡುವುದಿಲ್ಲ. 2024ರ ಡಿಸೆಂಬರ್ 25ಕ್ಕೆ ಬಂದದ್ದು.

ಗಂಗಾವತಿ ಮೇಷ್ಟ್ರು:
ಭೀಮ ಎಸ್ಸೆಸ್ಸೆಲ್ಸಿ ಹುಡುಗನಿಗೆ ಬೇಡ ಸರ್. ಡ್ರಗ್ಸ್ ಕೆಟ್ಟದ್ದು ಅಂತ ಹೇಳುವುದಕ್ಕೆ ಅಷ್ಟು ಹೊತ್ತು ಅದನ್ನೇ ತೋರಿಸಬೇಕೇ?

ಮೊದಲ ಶೋ:
ಮೇಷ್ಟ್ರೇ, ಹುಡುಗರು ಶಾಲೆ ಹಿಂದೆ ನೋಡುವುದನ್ನೇ ಅವರು ಪರದೆ ಮೇಲೆ ತೋರಿಸಿದ್ದಾರೆ. ಇರಲಿ, ಇದು ಮುಗಿಯದ ಜಗಳ. ಅವರ ಮನೆ, ಅವರ ರಿಮೋಟ್.

ರಾತ್ರಿಪಾಳಿ:
ನಾನು ಮಲಯಾಳಂ ಪಾರ್ಟಿ. 2024 ಅವರ ವರ್ಷ, ಒಪ್ಪಿಕೊಳ್ಳಲು ಬೇಜಾರಾದರೂ ನಿಜ. ‘ಮಂಜುಮ್ಮೆಲ್ ಬಾಯ್ಸ್’ನಿಂದ ಶುರು ಮಾಡಿ. 2006ರಲ್ಲಿ ನಿಜವಾಗಿ ನಡೆದದ್ದು: ಕೇರಳದ ಗೆಳೆಯರ ಗುಂಪು ಕೊಡೈಕನಾಲ್‌ಗೆ ಹೋಗುತ್ತದೆ, ಗುಣ ಗುಹೆಯ ಹತ್ತಿರ ಒಬ್ಬ ಕಾಲು ಜಾರಿ ಕೊರಕಲಿಗೆ ಬೀಳುತ್ತಾನೆ. ಎಲ್ಲರಿಗೂ ಕಥೆ ಗೊತ್ತು, ಕೊನೆ ಗೊತ್ತು, ಆದರೂ ಕೈ ಬೆವರುತ್ತದೆ. ಮೊದಲ ಅರ್ಧ ಗಂಟೆ ಹುಡುಗರ ಗಲಾಟೆ, ಹಗ್ಗಜಗ್ಗಾಟ, ಬೈಗುಳ. ಏನಿದು ಅನ್ನಿಸುತ್ತದೆ. ಅದೆಲ್ಲ ಬೇಕಿತ್ತು ಅಂತ ಆಮೇಲೆ ಗೊತ್ತಾಗುತ್ತದೆ. 1991ರ ‘ಗುಣ’ ಸಿನಿಮಾದ ಇಳಯರಾಜ ಹಾಡನ್ನು ಎಲ್ಲಿ ತಂದು ಕೂರಿಸಿದ್ದಾರೆ ನೋಡಿ. ಪ್ರೇಮಿಗಳ ಹಾಡು ಅಲ್ಲಿ ಗೆಳೆತನದ ಹಾಡಾಗಿಬಿಡುತ್ತದೆ. ನಾನು ನೋಡಿದ ಆಟದಲ್ಲಿ ಪಕ್ಕದ ಸೀಟಿನ ದಪ್ಪ ಮೀಸೆಯ ಅಂಕಲ್ ಕರವಸ್ತ್ರ ತೆಗೆದರು. ನಾನೂ ತೆಗೆದೆ.

‘ಆವೇಶಂ’ ನಮ್ಮ ಬೆಂಗಳೂರಿನಲ್ಲೇ ನಡೆಯುವ ಕಥೆ. ಎಂಜಿನಿಯರಿಂಗ್ ಓದಲು ಬಂದ ಹುಡುಗರು, ಸೀನಿಯರ್‌ಗಳ ಕಾಟ, ಕಾಪಾಡಲು ಒಬ್ಬ ರೌಡಿ ರಂಗಣ್ಣ. ಬಿಳಿ ಬಟ್ಟೆ, ಮೈತುಂಬ ಚಿನ್ನ, ಕನ್ನಡ ಮಲಯಾಳಂ ಕಲಸಿದ ಮಾತು. ಫಹಾದ್ ಫಾಸಿಲ್ ಕುಣಿಯುವುದನ್ನು ನೋಡಿಯೇ ಯಜಮಾನರು ಎದ್ದು ಕೂರುತ್ತಾರೆ.

ಇದೆಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ಕಿಷ್ಕಿಂಧಾ ಕಾಂಡಂ’. ಕಾಡಿನ ಪಕ್ಕ ಒಂದು ಮನೆ, ಸೇನೆಯಿಂದ ನಿವೃತ್ತರಾದ ಸಿಡುಕು ಅಪ್ಪ, ಹೊಸದಾಗಿ ಮದುವೆಯಾಗಿ ಬಂದ ಸೊಸೆ, ಕೋತಿಗಳು. ಅಪ್ಪನ ಲೈಸೆನ್ಸ್ ಪಿಸ್ತೂಲು ಕಾಣೆಯಾಗಿದೆ. ಇದಕ್ಕಿಂತ ಒಂದಕ್ಷರ ಜಾಸ್ತಿ ಹೇಳಿದರೂ ಪಾಪ ಸುತ್ತಿಕೊಳ್ಳುತ್ತದೆ. ಫೋನ್ ಪಕ್ಕಕ್ಕಿಟ್ಟು ನೋಡಿ. ಹೊಡೆದಾಟ ಇಲ್ಲ, ಅತ್ತೆಯವರೂ ಕೂರಬಹುದು. ವಿಜಯರಾಘವನ್ ಅವರ ಮುಖ ಒಂದು ವಾರ ತಲೆಯಿಂದ ಹೋಗುವುದಿಲ್ಲ.

ಮಲೆನಾಡ ಮಳೆ:
ಕಿಷ್ಕಿಂಧಾ ಕಾಂಡಂಗೆ ನನ್ನದೂ ಒಂದು ಓಟು. ಚುನಾವಣೆ ಬಂದಾಗ ಲೈಸೆನ್ಸ್ ಇರುವ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು ಅನ್ನುವುದರಿಂದಲೇ ಆ ಕಥೆ ಶುರುವಾಗುತ್ತದೆ. ನಮ್ಮ ಕಡೆ ತೋಟದ ಮನೆಗಳಲ್ಲಿ ಪ್ರತಿ ಚುನಾವಣೆಗೂ ಇದೇ ಗೋಳು. ಠಾಣೆಗೆ ಹೊತ್ತುಕೊಂಡು ಹೋಗು, ರಸೀದಿ ಮಾಡಿಸು, ಅಷ್ಟರಲ್ಲಿ ಕೋತಿ ಬಂದು ಬಾಳೆಗೊನೆ ಮುಗಿಸಿರುತ್ತದೆ. ಇಷ್ಟು ಮಾಮೂಲಿ ವಿಷಯದಲ್ಲಿ ಇಂಥ ಸಿನಿಮಾ ಇತ್ತು ಅಂತ ನಮ್ಮವರಿಗೆ ಯಾಕೆ ಹೊಳೆಯಲಿಲ್ಲ ಅಂತ ಹೊಟ್ಟೆಕಿಚ್ಚಾಯಿತು.

ಸೊಸೆಮುದ್ದು:
ಧೈರ್ಯ ಇದ್ದರೆ ಅತ್ತೆಯ ಜೊತೆ ‘ಉಳ್ಳೊಳುಕ್ಕು’ ನೋಡಿ. ಕುಟ್ಟನಾಡಿನ ಪ್ರವಾಹ, ಮನೆಯೊಳಗೆ ಮೊಣಕಾಲುದ್ದ ನೀರು, ಮಗ ತೀರಿಕೊಂಡಿದ್ದಾನೆ, ನೀರು ಇಳಿಯುವವರೆಗೆ ಮಣ್ಣು ಮಾಡಲು ಆಗುವುದಿಲ್ಲ. ಅಲ್ಲಿಯವರೆಗೆ ಅತ್ತೆ ಸೊಸೆ ಒಂದೇ ಮನೆಯಲ್ಲಿ, ಇಬ್ಬರ ಹತ್ತಿರವೂ ಒಂದೊಂದು ಗುಟ್ಟು. ಊರ್ವಶಿ ಅತ್ತೆ, ಪಾರ್ವತಿ ಸೊಸೆ. ನಾನು ನಮ್ಮತ್ತೆ ಒಟ್ಟಿಗೆ ನೋಡಿದೆವು. ಮುಗಿದ ಮೇಲೆ ಇಬ್ಬರೂ ಏನೂ ಮಾತಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಕಾಫಿ ಅವರೇ ಮಾಡಿಕೊಟ್ಟರು, ಅದು ಸಿನಿಮಾದ ಪ್ರಭಾವವೋ ಅಲ್ಲವೋ ಕೇಳುವ ಧೈರ್ಯ ನನಗಿಲ್ಲ.

ಕೊನೇ ಸಾಲು:
ಯಾರೂ ‘ಮೈಯಳಗನ್’ ಹೇಳಲಿಲ್ಲವಲ್ಲ? ತಮಿಳು. ಆಸ್ತಿ ಜಗಳದಲ್ಲಿ ತಂಜಾವೂರಿನ ಮನೆ ಬಿಟ್ಟು ಹೋದವನು ಎಷ್ಟೋ ವರ್ಷದ ಮೇಲೆ ತಂಗಿಯ ಮದುವೆಗೆ ಬರುತ್ತಾನೆ, ಬೆಳಗಾಗುವುದರೊಳಗೆ ವಾಪಸ್ ಹೋಗುವ ಲೆಕ್ಕ ಹಾಕಿಕೊಂಡೇ ಬರುತ್ತಾನೆ. ಮದುವೆಯಲ್ಲಿ ಒಬ್ಬ ಅಂಟಿಕೊಳ್ಳುತ್ತಾನೆ, ‘ಅತ್ತಾನ್ ಅತ್ತಾನ್’ (ಭಾವ, ಭಾವ) ಅಂತ ಬಿಡುವುದೇ ಇಲ್ಲ. ಇವನಿಗೆ ಅವನ ಹೆಸರೇ ನೆನಪಿಲ್ಲ, ಕೇಳಲು ನಾಚಿಕೆ. ನಮಗೆಲ್ಲ ಆಗಿದೆ ಅಲ್ವಾ ಇದು, ಮದುವೆ ಮನೆಯಲ್ಲಿ ಯಾರೋ ಕೈಹಿಡಿದು ‘ಗುರ್ತು ಸಿಕ್ತಾ?’ ಅಂದಾಗ ಹಲ್ಲು ಕಿರಿಯುವುದು. ಅದೊಂದನ್ನೇ ಹಿಡಿದುಕೊಂಡು ಇಡೀ ಸಿನಿಮಾ ಮಾಡಿದ್ದಾರೆ ಪ್ರೇಮ್ ಕುಮಾರ್. ಅರವಿಂದ ಸ್ವಾಮಿ, ಕಾರ್ತಿ. ಅಣ್ಣ ತಂದ ಉಡುಗೊರೆಯನ್ನು ತಂಗಿ ಮದುವೆ ವೇದಿಕೆ ಮೇಲೇ ಬಿಚ್ಚಿ ನೋಡುವ ದೃಶ್ಯ ಒಂದಿದೆ. ನನಗೆ ತಂಗಿ ಇಲ್ಲ, ಆದರೂ ಅತ್ತುಬಿಟ್ಟೆ.

ರಾತ್ರಿಪಾಳಿ:
ಒಳ್ಳೆ ಸಿನಿಮಾನೇ, ಆದರೆ ಆ ರಾತ್ರಿ ಕಳೆಯುವುದೇ ಇಲ್ಲ ಮಾರಾಯ್ರೆ. ಬಿಡುಗಡೆಯಾದ ಮೇಲೆ ಅವರೇ ಸುಮಾರು 18 ನಿಮಿಷ ಕತ್ತರಿಸಿದರು.

ಕೊನೇ ಸಾಲು:
ಕತ್ತರಿಸಬಾರದಿತ್ತು. ಅಷ್ಟು ಮಾತಾಡುವವನ ಜೊತೆ ಸಿಕ್ಕಿಹಾಕಿಕೊಂಡಾಗ ರಾತ್ರಿ ಬೇಗ ಕಳೆಯುತ್ತದಾ? ಆ ಉದ್ದ ಬೇಕು.

ಪ್ಲಾಟ್‌ಫಾರ್ಮ್ ಟೀ:
ಅತ್ತೆ, ಮಗ, ಯಜಮಾನರು ಮೂವರನ್ನೂ ಒಂದೇ ಸೋಫಾದಲ್ಲಿ ಕೂರಿಸಬೇಕಾದರೆ ‘ಲಾಪತಾ ಲೇಡೀಸ್’. ಹಿಂದಿ, ಕಿರಣ್ ರಾವ್ ನಿರ್ದೇಶನ. ರೈಲಿನಲ್ಲಿ ಸೆರಗು ಮುಚ್ಚಿಕೊಂಡ ಮದುಮಗಳು ಅದಲುಬದಲಾಗುತ್ತಾಳೆ. ಒಬ್ಬಳು ತಪ್ಪು ಮನೆ ಸೇರುತ್ತಾಳೆ, ಇನ್ನೊಬ್ಬಳು ಸ್ಟೇಷನ್ನಿನಲ್ಲಿ ಉಳಿಯುತ್ತಾಳೆ, ಪಾಪ ಗಂಡನ ಊರಿನ ಹೆಸರೂ ಸರಿಯಾಗಿ ಗೊತ್ತಿಲ್ಲ. ಅಲ್ಲಿ ಟೀ ಅಂಗಡಿ ಇಟ್ಟುಕೊಂಡಿರುವ ಮಂಜು ಮಾಯಿ ಇದ್ದಾಳಲ್ಲ, ಛಾಯಾ ಕದಂ, ಸಿನಿಮಾ ಅವಳದ್ದೇ ಅಂತ ನನ್ನ ಲೆಕ್ಕ. ಲಂಚಕೋರ ಪೊಲೀಸ್ ಆಗಿ ರವಿ ಕಿಶನ್ ಪಾನ್ ಜಗಿಯುತ್ತಾ ನಗಿಸುತ್ತಾರೆ.

ಇದೇ ಛಾಯಾ ಕದಂ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ನಲ್ಲೂ ಇದ್ದಾರೆ. ಪಾಯಲ್ ಕಪಾಡಿಯಾ ಅವರ ಸಿನಿಮಾ, ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಗ್ರಾಂಡ್ ಪ್ರಿ ಪ್ರಶಸ್ತಿ ಗೆದ್ದದ್ದು. ಮುಂಬೈಯ ಮಲಯಾಳಿ ನರ್ಸ್‌ಗಳ ಕಥೆ. ಅವರಲ್ಲಿ ಒಬ್ಬಳ ಗಂಡ ಜರ್ಮನಿಯಲ್ಲಿದ್ದಾನೆ, ಫೋನೂ ಮಾಡುವುದಿಲ್ಲ. ಒಂದು ದಿನ ಅಲ್ಲಿಂದ ಹೆಸರಿಲ್ಲದ ಪಾರ್ಸೆಲ್‌ನಲ್ಲಿ ಕೆಂಪು ರೈಸ್ ಕುಕ್ಕರ್ ಬರುತ್ತದೆ. ರಾತ್ರಿ ಅವಳು ನೆಲದ ಮೇಲೆ ಕೂತು ಆ ಕುಕ್ಕರನ್ನು ಅಪ್ಪಿಕೊಳ್ಳುತ್ತಾಳೆ. ಒಂದು ಮಾತಿಲ್ಲ. ಇದನ್ನು ನೀವೊಬ್ಬರೇ ನೋಡಿ ಮೇಡಂ, ಮಗನ ಜೊತೆ ಕೂತರೆ ಕೆಲವು ಕಡೆ ಇಬ್ಬರಿಗೂ ಮುಜುಗರ. ಮಗನಿಗೆ ಬೇರೆ ಇದೆ: ಕನ್ನಡದ ‘ಬ್ಲಿಂಕ್’. ಕಾಲದಲ್ಲಿ ಹಿಂದೆ ಮುಂದೆ ಹೋಗುವ ಕಥೆ, ಷರತ್ತು ಒಂದೇ, ಕಣ್ಣು ಮಿಟುಕಿಸಬಾರದು. ದೀಕ್ಷಿತ್ ಶೆಟ್ಟಿ ನಾಯಕ, ಶ್ರೀನಿಧಿ ಬೆಂಗಳೂರು ನಿರ್ದೇಶನ. ದುಡ್ಡು ಕಡಿಮೆ, ತಲೆ ಜಾಸ್ತಿ. ಪ್ರೈಮ್‌ನಲ್ಲಿ ಬಂದಿತ್ತು. ಒಂದೇ ಸಲಕ್ಕೆ ಅರ್ಥವಾಗದಿದ್ದರೆ ಮಗನನ್ನೇ ಕೇಳಿ.

ಗಂಗಾವತಿ ಮೇಷ್ಟ್ರು:
ಇನ್ನೊಂದು ಮರೆತಿದ್ದೆ. ಮೈಸೂರಿನ ಚಿದಾನಂದ ನಾಯಕ್, ಓದಿದ್ದು ಎಂಬಿಬಿಎಸ್, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಅಂತ ಒಂದು ಕನ್ನಡ ಕಿರುಚಿತ್ರ ಮಾಡಿದರು. ಅಜ್ಜಿ ಊರಿನ ಹುಂಜ ಕದ್ದು ಹೋಗುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಇದು ನಮ್ಮ ಅಜ್ಜಿಯರು ಹೇಳುತ್ತಿದ್ದ ಕಥೆಯೇ. 2024ರ ಕಾನ್‌ನಲ್ಲಿ ವಿದ್ಯಾರ್ಥಿ ಚಿತ್ರಗಳ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ. ಕಾಲು ಗಂಟೆಯ ಚಿತ್ರ. ಚಿತ್ರೋತ್ಸವದಲ್ಲಿ ಎಲ್ಲಾದರೂ ಸಿಕ್ಕರೆ ಬಿಡಬೇಡಿ.

ಹೊಸಮನೆ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಲಾಪತಾ ಲೇಡೀಸ್ ಹಾಕಿದೆವು. ಅತ್ತೆಗೆ ಹಿಂದಿ ಅಷ್ಟು ಬರುವುದಿಲ್ಲ, ಮಗ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದ, ಮಧ್ಯೆ ಅವನೇ ಡೈಲಾಗ್ ಸೇರಿಸುತ್ತಿದ್ದ ಅಂತ ನನಗೆ ಅನುಮಾನ. ಈ ಭಾನುವಾರ ಶಿವಮ್ಮ. ಮೇಷ್ಟ್ರೇ, ನಾವು ಮಂಡ್ಯದವರು, ಆ ಕಡೆ ಮಾತು ನಮಗೆ ಅರ್ಥವಾಗುತ್ತದಾ?

ಗಂಗಾವತಿ ಮೇಷ್ಟ್ರು:
ಮೊದಲು ಸ್ವಲ್ಪ ಹೊತ್ತು ಕಿವಿ ಹೊಂದಿಸಿಕೊಳ್ಳಬೇಕಾಗುತ್ತದೆ. ಬೈಗುಳ ಮಾತ್ರ ಮೊದಲನೇ ಸಲಕ್ಕೇ ಅರ್ಥವಾಗುತ್ತದೆ.