ಸಹಾಯ ಬೇಕು: ಹೆಡ್‌ಫೋನ್ ಆಂಪ್ ಅಳತೆ ತಾಳೆಯಾಗುತ್ತಿಲ್ಲ

ಗೆಳೆಯರೇ, ಕಡಿಮೆ ಬೆಲೆಯ ಡೆಸ್ಕ್‌ಟಾಪ್ ಹೆಡ್‌ಫೋನ್ ಆಂಪ್ (ಆಂಪ್ಲಿಫೈಯರ್) ಒಂದನ್ನು ತಗೊಂಡಿದ್ದೇನೆ. ಔಟ್‌ಪುಟ್ ಇಂಪೀಡೆನ್ಸ್ (ಆಂಪ್‌ನ ಒಳಗಿನ ರೋಧ) 1 ಓಮ್‌ಗಿಂತ ಕಡಿಮೆ ಅಂತ ಡಬ್ಬದ ಮೇಲಿದೆ. ನಾನೇ ಅಳೆದು ನೋಡಿದೆ. 60 ಹರ್ಟ್ಸ್ ಸೈನ್ ವೇವ್ ಹಾಕಿ, ಔಟ್‌ಪುಟ್‌ಗೆ ಏನೂ ಜೋಡಿಸದೆ 2 ವೋಲ್ಟ್ ಬರುವ ಹಾಗೆ ವಾಲ್ಯೂಮ್ ಇಟ್ಟೆ. 33 ಓಮ್ ರೆಸಿಸ್ಟರ್ ಜೋಡಿಸಿದ ತಕ್ಷಣ ಮೀಟರ್ 1.5ಕ್ಕೆ ಇಳಿಯಿತು. ಲೆಕ್ಕ ಹಾಕಿದರೆ ಔಟ್‌ಪುಟ್ ಇಂಪೀಡೆನ್ಸ್ 11 ಓಮ್ ಆಯ್ತು, ಅಲ್ವಾ?

ಅಥವಾ ಅಷ್ಟು ಕರೆಂಟ್ ಕೊಡಲಾಗದೆ ಆಂಪ್ ಕ್ಲಿಪ್ ಆಗುತ್ತಿದೆಯಾ (ಅಂದರೆ ತರಂಗದ ತುದಿ ಕತ್ತರಿಸಿ ಹೋಗುತ್ತಿದೆಯಾ)? ತರಂಗದ ಆಕಾರ ನೋಡೋಕೆ ನನ್ನ ಹತ್ತಿರ ಆಸಿಲೋಸ್ಕೋಪ್ ಇಲ್ಲ. ವಾಲ್ಯೂಮ್ ಇಳಿಸಿ, 0.2 ವೋಲ್ಟ್‌ನಲ್ಲಿ ಮತ್ತೆ ಅಳೆದರೆ ಸರಿಯಾಗಿ ಗೊತ್ತಾಗುತ್ತಾ? 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್‌ನಲ್ಲಿ ವೀಣೆಯ ತಂತಿ ಮೀಟಿದ್ದು ತುಂಬಾ ಚೆನ್ನಾಗಿ ಕೇಳುತ್ತದೆ. 32 ಓಮ್ ಇಯರ್‌ಫೋನ್‌ನಲ್ಲಿ ಮಾತ್ರ ಮೃದಂಗದ ಎಡಭಾಗ ಗುಮ್ಮೆನ್ನುತ್ತದೆ. ವಾಪಸ್ ಕೊಡಲು ಇನ್ನು ನಾಲ್ಕೇ ದಿನ ಇದೆ. ಅಳೆದು ಅನುಭವ ಇರುವವರು ದಯವಿಟ್ಟು ಹೇಳಿ.