0.5 ದಾಟಿದರೆ ಮುಂದಿನ ನಕ್ಷತ್ರಗಳೆಲ್ಲ ಕಪ್ಪು! ದಯವಿಟ್ಟು ಯಾರಾದರೂ ನೋಡಿ

ಮೂರ್ನಾಡಿನವ:
ಮೂರು ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ. ಶನಿವಾರ ಮಗಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಬೆಳಕಿನ ವೇಗದ ಹತ್ತಿರ ಓಡುವ ನೌಕೆಯ ಕಿಟಕಿಯಿಂದ ಆಕಾಶ ಹೇಗೆ ಕಾಣುತ್ತದೆ ಅಂತ ತೋರಿಸುವ ಪ್ರೋಗ್ರಾಂ ಬರೆದಿದ್ದೇನೆ. ಬೆಳಕಿನ ವೇಗ 1 ಅಂತ ಇಟ್ಟುಕೊಂಡರೆ 0.1ರಲ್ಲಿ ಚೆನ್ನಾಗಿದೆ. 0.3ರಲ್ಲಿ ಮುಂದೆ ನೇರಳೆ ಬಣ್ಣ. 0.5 ದಾಟಿದರೆ ನೇರ ಮುಂದೆ ಕಪ್ಪು. 0.9ರಲ್ಲಿ ಪರದೆಯ ಬಹುಪಾಲು ಕಪ್ಪು. ಸೂತ್ರ ನಾಲ್ಕು ಸಲ ನೋಡಿದೆ, ಸರಿ ಇದೆ. ಏನು ತಪ್ಪಾಗಿದೆ?

ಕುಶಾಲನಗರ ಗೇಮರ್:
ಅಣ್ಣಾ, ಲ್ಯಾಪ್‌ಟಾಪ್ ಯಾವುದು ಅಂತಲೇ ಹೇಳಲಿಲ್ಲ. ಕಪ್ಪು ಪರದೆ ಅಂದರೆ ಗ್ರಾಫಿಕ್ಸ್ ಡ್ರೈವರ್. ನನಗೂ ಹೀಗೇ ಆಗಿತ್ತು. ಹೊಸ ಡ್ರೈವರ್ ಹಾಕಿ ನೋಡಿ.

ಮೂರ್ನಾಡಿನವ:
ಹಾಕಿದೆ. ಮಧ್ಯದಲ್ಲಿ ಎರಡು ಸಲ ಕರೆಂಟ್ ಹೋಯಿತು, ಇನ್ವರ್ಟರ್ ಮೇಲೆ ನಡೆಸಿ ಮುಗಿಸಿದೆ. ಅದೇ ಕಪ್ಪು.

ನಿವೃತ್ತ ಮೇಷ್ಟ್ರು:
ಡ್ರೈವರ್ ಬಿಡಿ. ನಕ್ಷತ್ರಗಳು ಸರಿಯಾದ ಜಾಗಕ್ಕೆ ಹೋಗುತ್ತಿವೆಯಾ, ಮೊದಲು ಅದು ಗೊತ್ತಾಗಬೇಕು. ಮಾಂದಲಪಟ್ಟಿಗೆ ಮಳೆಯಲ್ಲಿ ಜೀಪಿನಲ್ಲಿ ಹೋಗಿದ್ದೀರಲ್ಲ? ಗಾಳಿ ಇಲ್ಲದಾಗ ಜೀಪ್ ನಿಲ್ಲಿಸಿದರೆ ಹನಿ ನೇರ ಮೇಲಿನಿಂದ ಬೀಳುತ್ತದೆ. ಟಾಪಿನ ಮೇಲೆ ತಟತಟ ಸದ್ದು, ಮುಂದಿನ ಗಾಜಿನ ಮೇಲೆ ಎಲ್ಲೋ ಒಂದೊಂದು ಹನಿ. ಜೀಪ್ ಓಡಿಸಿದರೆ ಅದೇ ಹನಿ ಎದುರಿನಿಂದ ಬಂದು ಗಾಜಿಗೆ ಬಡಿಯುತ್ತದೆ, ವೈಪರ್ ಸಾಕಾಗುವುದಿಲ್ಲ. ನಕ್ಷತ್ರದ ಬೆಳಕೂ ಹಾಗೆಯೇ ಮುಂದಕ್ಕೆ ವಾಲುತ್ತದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುವುದರಿಂದ ನಕ್ಷತ್ರಗಳು ಸುಮಾರು 20 ಆರ್ಕ್‌ಸೆಕೆಂಡಿನಷ್ಟು ಸರಿದು ಕಾಣುತ್ತವೆ; ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ. ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜೇಮ್ಸ್ ಬ್ರಾಡ್ಲಿ ಇದನ್ನು ಹಿಡಿದು 1729ರಲ್ಲಿ ಪ್ರಕಟಿಸಿದರು. ಒಂದು ವ್ಯತ್ಯಾಸ ಮಾತ್ರ ಮರೆಯಬೇಡಿ. ಜೀಪ್ ಓಡಿದರೆ ಹನಿ ಬಡಿಯುವ ವೇಗವೂ ಜಾಸ್ತಿಯಾಗುತ್ತದೆ. ಬೆಳಕಿನದು ಆಗುವುದಿಲ್ಲ. ನೌಕೆಯವರು ಅಳೆದರೂ ಸೆಕೆಂಡಿಗೆ 2,99,792.458 ಕಿಲೋಮೀಟರೇ. ಬದಲಾಗುವುದು ದಿಕ್ಕು, ಬಣ್ಣ, ಪ್ರಖರತೆ.
0.9ರಲ್ಲಿ ಸರಿಯಾಗಿ ಪಕ್ಕದಲ್ಲಿದ್ದ, ಅಂದರೆ 90 ಡಿಗ್ರಿಯ ನಕ್ಷತ್ರ ಎಲ್ಲಿಗೆ ಬರುತ್ತಿದೆ?

ಮೂರ್ನಾಡಿನವ:
25.8 ಡಿಗ್ರಿಗೆ. ಅದು ಮೊದಲಿನಿಂದಲೂ ಸರಿ ಇದೆ ಮೇಷ್ಟ್ರೇ, ಹೇಳಬೇಕು ಅನ್ನಿಸಲಿಲ್ಲ. ಬಣ್ಣ ಹಾಕದೆ ಬರೀ ಬಿಳಿ ಚುಕ್ಕೆ ಇಟ್ಟರೆ ಅರ್ಧ ಆಕಾಶ ಮುಂದಿನ ಸಣ್ಣ ವೃತ್ತದೊಳಗೆ ಬಂದು ತುಂಬಿಕೊಳ್ಳುತ್ತದೆ. ನೋಡಲು ಬಹಳ ಚಂದ.

ಕುಶಾಲನಗರ ಗೇಮರ್:
ಹೊಸ ಡ್ರೈವರ್ ಹಾಕಿದರೆ ಸಾಲದು. ಹಳೇದನ್ನು ಪೂರ್ತಿ ತೆಗೆದು ಆಮೇಲೆ ಹಾಕಬೇಕು.

ಸುಂಟಿಕೊಪ್ಪ ಡೀಸೆಲ್:
ನಡುವೆ ನನ್ನದೊಂದು ಪ್ರಶ್ನೆ. ಆ ನೌಕೆಯಲ್ಲಿ ಹೆಡ್‌ಲೈಟ್ ಹಾಕಿದರೆ ಅದರ ಬೆಳಕು 1.9ರಲ್ಲಿ ಹೋಗಬೇಕಲ್ವಾ?

ನಿವೃತ್ತ ಮೇಷ್ಟ್ರು:
ಇಲ್ಲ. ಇಲ್ಲಿ ವೇಗಗಳನ್ನು ಸುಮ್ನೆ ಕೂಡಿಸುವ ಹಾಗಿಲ್ಲ. 0.9 ಮತ್ತು 1 ಕೂಡಿಸಿದ್ದನ್ನು 1 + 0.9 × 1ರಿಂದ ಭಾಗಿಸಬೇಕು. 1.9 ÷ 1.9, ಅಂದರೆ 1.

ಸುಂಟಿಕೊಪ್ಪ ಡೀಸೆಲ್:
ಹಾಗಾದರೆ ಬೆಳಕು ನೌಕೆಗಿಂತ 0.1 ಮಾತ್ರ ಮುಂದೆ. ಒಳಗಿದ್ದವನಿಗೆ ಬೆಳಕು ತೆವಳಿದ ಹಾಗೆ ಕಾಣಬೇಕು. ನೀವು ಎರಡೂ ಕಡೆ ಮಾತಾಡುತ್ತಿದ್ದೀರಿ.

ನಿವೃತ್ತ ಮೇಷ್ಟ್ರು:
ಎರಡೂ ಕಡೆ ಅಲ್ಲ, ಇಬ್ಬರು ನೋಡುವವರು. ಹೊರಗೆ ನಿಂತವನ ಗಡಿಯಾರದಲ್ಲಿ ಅಂತರ 0.1ರಂತೆ ಬೆಳೆಯುತ್ತದೆ. ಒಳಗಿದ್ದವನ ಗಡಿಯಾರವೂ ಬೇರೆ, ಅಳತೆಪಟ್ಟಿಯೂ ಬೇರೆ. ಅವನಿಗೆ ಅದು 1ರಲ್ಲೇ ಓಡುತ್ತದೆ. 1905ರಲ್ಲಿ ಐನ್‌ಸ್ಟೈನ್ ಹಿಡಿದ ಎಳೆಯೇ ಇದು. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಆ ಹುಡುಗಿಯ ಪ್ರದರ್ಶನ ಹತ್ತಿರ ಬಂದಿದೆ.

ಸೋಮವಾರಪೇಟೆ ಎಂಟಿಂಚು:
ನೌಕೆ ಇಲ್ಲದೆಯೇ ಆಕಾಶ ನೋಡಬೇಕಾದರೆ ನಮ್ಮಲ್ಲಿಗೆ ಬನ್ನಿ. 8 ಇಂಚಿನ ಡಾಬ್ಸೋನಿಯನ್ ದೂರದರ್ಶಕ ಇದೆ, ಸ್ಟ್ಯಾಂಡ್ ನಾನೇ ಹಲಸಿನ ಮರದಲ್ಲಿ ಮಾಡಿಸಿದ್ದು. ಮಳೆಗಾಲದಲ್ಲಿ ಕನ್ನಡಿಗೆ ಬೂಸ್ಟು ಬರಬಾರದು ಅಂತ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ಮುಚ್ಚಿದ್ದೇನೆ. ಜನವರಿಯ ರಾತ್ರಿ ಕಾಫಿ ಕಣದಲ್ಲಿ ನಿಂತು ಆರ್ದ್ರಾ ನಕ್ಷತ್ರ ನೋಡಬೇಕು, ಕೆಂಡದ ಹಾಗಿರುತ್ತದೆ.

ಕುಶಾಲನಗರ ಗೇಮರ್:
ಅದಕ್ಕೆ ಟ್ರ್ಯಾಕಿಂಗ್ ಮೋಟಾರ್ ಇದೆಯಾ? ನನ್ನ ಫ್ರೆಂಡ್ ಹತ್ತಿರ ಮೋಟಾರ್ ಇರುವುದು ಇದೆ.

ವಿರಾಜಪೇಟೆ ಅಕ್ಕ:
ಮೂರ್ನಾಡಿನವರೇ, ಆರ್ದ್ರಾಕ್ಕೆ ನಿಮ್ಮ ಪ್ರೋಗ್ರಾಂನಲ್ಲಿ ಯಾವ ಬಣ್ಣ ಕೊಟ್ಟಿದ್ದೀರಿ? ಹೇಗೆ ಬರೆದಿಟ್ಟಿದ್ದೀರಿ?

ಮೂರ್ನಾಡಿನವ:
ಎಲ್ಲರೂ ಮಾಡುವ ಹಾಗೆ, ಒಂದು ನಕ್ಷತ್ರಕ್ಕೆ ಒಂದು ತರಂಗಾಂತರ. ಸೂರ್ಯನಂಥದ್ದಕ್ಕೆ 550 ನ್ಯಾನೋಮೀಟರ್.

ವಿರಾಜಪೇಟೆ ಅಕ್ಕ:
ಸಿಕ್ಕಿತು! 0.9ರಲ್ಲಿ ನೇರ ಮುಂದಿನ ಬೆಳಕಿನ ಆವರ್ತನ 4.36 ಪಟ್ಟು ಏರುತ್ತದೆ. 550 ಇದ್ದದ್ದು 126 ಆಗುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700. ನಿಮ್ಮ ನಕ್ಷತ್ರ ಅತಿನೇರಳೆಗೆ ಹೋಗಿ ಕೂತಿದೆ. ಪ್ರೋಗ್ರಾಂ ನೀವು ಹೇಳಿದ್ದನ್ನೇ ಮಾಡುತ್ತಿದೆ. 0.3ರಲ್ಲಿ 404ಕ್ಕೆ ಬರುತ್ತದೆ, ನೇರಳೆ ಕಂಡದ್ದು ಅದಕ್ಕೇ.
ಆದರೆ ನಕ್ಷತ್ರ ಒಂದೇ ಬಣ್ಣದ ದೀಪ ಅಲ್ಲ. ಕಮ್ಮಾರನ ಕುಲುಮೆಯ ಕಬ್ಬಿಣದ ಹಾಗೆ ಬಿಸಿಯಾದ ವಸ್ತು, ಎಲ್ಲ ಬಣ್ಣವನ್ನೂ ಚೆಲ್ಲುತ್ತದೆ. ಕಾಣುವ ಬೆಳಕು ಅತಿನೇರಳೆಗೆ ಸರಿದರೆ, ಮೊದಲು ಕಾಣದಿದ್ದ ಅದರ ಅವಕೆಂಪು ಬೆಳಕು ಆ ಜಾಗಕ್ಕೆ ಬರುತ್ತದೆ. ನಕ್ಷತ್ರ ಮಾಯವಾಗುವುದಿಲ್ಲ. ತರಂಗಾಂತರ ತೆಗೆದು ಉಷ್ಣತೆ ಇಡಿ, ಅದನ್ನು ಡಾಪ್ಲರ್ ಅಂಶದಿಂದ (ಆವರ್ತನ ಎಷ್ಟು ಪಟ್ಟು ಆಗುತ್ತದೋ ಆ ಸಂಖ್ಯೆ) ಗುಣಿಸಿ. ಆರ್ದ್ರಾ ಸುಮಾರು 3,500 ಕೆಲ್ವಿನ್. ನೌಕೆ ಅದರ ಕಡೆಗೇ ಹೊರಟರೆ 15,000 ದಾಟುತ್ತದೆ. ಆ ಕೆಂಡ ನೀಲಿ-ಬಿಳಿ ಆಗಬೇಕು.

ಮೂರ್ನಾಡಿನವ:
ಅಕ್ಕಾ, ಮುಂದಿನ ಕಪ್ಪು ಹೋಯಿತು! ಹೊರಗೆ ಆರಿದ್ರಾ ಮಳೆ ಸುರಿಯುತ್ತಿದೆ, ಪರದೆ ಮೇಲೆ ಆರ್ದ್ರಾ ನೀಲಿ-ಬಿಳಿಯಾಗಿ ಹೊಳೆಯುತ್ತಿದೆ. ಮಗಳನ್ನು ಎಬ್ಬಿಸಿ ತೋರಿಸಿದೆ. ಆದರೆ 25.8 ಡಿಗ್ರಿಗೆ ಬಂದ ಪಕ್ಕದ ನಕ್ಷತ್ರಗಳು ಕೆಂಪಾಗಿ ಕಾಣುತ್ತಿವೆ. ಅವೂ ನೀಲಿ ಆಗಬೇಡವೇ?

ನಿವೃತ್ತ ಮೇಷ್ಟ್ರು:
ಅವಕ್ಕೆ ಡಾಪ್ಲರ್ ಅಂಶ ಎಷ್ಟು ಬರುತ್ತಿದೆ?

ಮೂರ್ನಾಡಿನವ:
0.44.

ನಿವೃತ್ತ ಮೇಷ್ಟ್ರು:
2.29 ಬರಬೇಕಿತ್ತು. ಒಂದು ಇನ್ನೊಂದರ ತಲೆಕೆಳಗು, ನೋಡಿ. 1 ÷ (ಗಾಮಾ × (1 − ಬೀಟಾ × ಕಾಸ್ ಕೋನ)) ಬರೆದಿರುತ್ತೀರಿ. ಬೀಟಾ ಅಂದರೆ ನೌಕೆಯ ವೇಗ, ಇಲ್ಲಿ 0.9; ಗಾಮಾ ಅಂದರೆ 1 ÷ √(1 − ಬೀಟಾ ವರ್ಗ), ಇಲ್ಲಿ 2.29. ಆ ಸೂತ್ರಕ್ಕೆ ನೌಕೆಯಿಂದ ಕಾಣುವ ಹೊಸ ಕೋನ ಕೊಡಬೇಕು. ನೀವು ಹಳೆಯ 90 ಡಿಗ್ರಿಯನ್ನೇ ಕೊಟ್ಟಿದ್ದೀರಿ. ಹಳೆಯ ಕೋನವೇ ಬೇಕಿದ್ದರೆ ಗಾಮಾ × (1 + ಬೀಟಾ × ಕಾಸ್ ಕೋನ) ಬರೆಯಿರಿ. ಎರಡೂ ಒಂದೇ ಉತ್ತರ ಕೊಡುತ್ತವೆ, ಬೆರಕೆ ಮಾಡಿದರೆ ಮಾತ್ರ ಕೆಡುತ್ತದೆ. ಸರಿಯಾದಾಗ ಕಿಟಕಿಯ ನಡುವಿನಿಂದ ಸುಮಾರು 51 ಡಿಗ್ರಿವರೆಗೆ ನೀಲಿಯ ಕಡೆಗೆ ವಾಲುತ್ತದೆ, ಅದರಾಚೆ ಕೆಂಪಿನ ಕಡೆಗೆ. ಅಳೆದು ನೋಡಿ.

ಮೂರ್ನಾಡಿನವ:
ಒಂದು ಸಾಲು ಬದಲಿಸಿದೆ. 51ರಲ್ಲೇ ತಿರುಗುತ್ತಿದೆ. ಇನ್ನು ಪ್ರಖರತೆ ಉಳಿದಿದೆ. ಈಗ ಎಲ್ಲಕ್ಕೂ ಒಂದೇ ಇಟ್ಟಿದ್ದೇನೆ. ಮುಂದಿನವಕ್ಕೆ ಎಷ್ಟು ಪಟ್ಟು ಕೊಡಲಿ?

ವಿರಾಜಪೇಟೆ ಅಕ್ಕ:
ಚುಕ್ಕೆಯಂತೆ ಕಾಣುವ ನಕ್ಷತ್ರದ ಒಟ್ಟು ಶಕ್ತಿ ಡಾಪ್ಲರ್ ಅಂಶದ ವರ್ಗದಷ್ಟು ಏರುತ್ತದೆ. ನೇರ ಮುಂದೆ 19 ಪಟ್ಟು. ಅದರಲ್ಲಿ ಬಹುಪಾಲು ಅತಿನೇರಳೆ, ಕಣ್ಣಿಗೆ ಬೀಳುವ ಪಾಲನ್ನು ಬೇರೆಯಾಗಿ ತೆಗೆಯಬೇಕು. ಇಲ್ಲಿ ಕರೆಂಟ್ ಹೋಯಿತು, ಫೋನಿನಲ್ಲಿ 6% ಚಾರ್ಜ್ ಇದೆ. ಬೆಳಿಗ್ಗೆ ಲೆಕ್ಕ ಮಾಡಿ ಕಳಿಸುತ್ತೇನೆ.