ಕೆಲ್ಲಿ ಕ್ಯಾಸಲ್: ಇದು ಕೋಟೆಯೋ, ಜಮೀನುದಾರರ ಮನೆಯೋ?

ಪ್ರಶ್ನೆ (ಬೈಲಹೊಂಗಲದಿಂದ)

ನಮ್ಮ ಭಾಗದ ದೇಸಗತಿ ವಾಡೆಗಳ (ದೇಸಾಯಿ ಮನೆತನಗಳ ದೊಡ್ಡ ಮನೆಗಳ) ನಕ್ಷೆಗಳನ್ನು ಸಂಗ್ರಹಿಸುತ್ತಿರುವಾಗ ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಕೆಲ್ಲಿ ಕ್ಯಾಸಲ್‌ನ ಚಿತ್ರಗಳು ನೋಡಲು ಸಿಕ್ಕವು. ಹೆಸರೇನೋ ಕೋಟೆಯದು, ಆದರೆ ಚಿತ್ರಗಳಲ್ಲಿ ತೋಪು ಏರಿಸುವ ಬುರುಜಾಗಲಿ ಕಂದಕವಾಗಲಿ ಕಾಣುವುದಿಲ್ಲ. ಎತ್ತರದ ಮೂರು ಗೋಪುರಗಳು ಒಂದಕ್ಕೊಂದು ಸಾಲು ಹೊಂದದೆ ನಿಂತಿವೆ. ಇದನ್ನು ಒಂದೇ ಕಾಲಕ್ಕೆ ಕಟ್ಟಿದರೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬಾಗಲಕೋಟೆಯಿಂದ)

ಒಂದೇ ಕಾಲದ ಕಟ್ಟಡವಲ್ಲ, ಸಾಲು ಹೊಂದದಿರುವುದಕ್ಕೆ ಕಾರಣವೂ ಅದೇ. ವಾಯವ್ಯದ ಗೋಪುರದ ಹಳೆಯ ಭಾಗ 1360ರ ಸುಮಾರಿನದೆಂದು ಎಣಿಸುತ್ತಾರೆ. ಆಗ ಅದು ಒಲಿಫಂಟ್ ಮನೆತನದ್ದು. ಅವರು 1573ರಲ್ಲಿ ಪೂರ್ವಕ್ಕೆ, ಸ್ವಲ್ಪ ದೂರದಲ್ಲಿ, ಬೇರೆಯೇ ಒಂದು ಗೋಪುರವನ್ನು ಕಟ್ಟಿದರು. 1606ರ ಹೊತ್ತಿಗೆ ನೈಋತ್ಯದಲ್ಲಿ ಮೂರನೆಯದನ್ನು ಎಬ್ಬಿಸಿ, ನಡುವೆ ಪಡಸಾಲೆಯ ಭಾಗವನ್ನು ಸೇರಿಸಿ ಎಲ್ಲವನ್ನೂ ಒಂದೇ ಮನೆಯಾಗಿಸಿದರು. ಹೀಗಾಗಿ ನಕ್ಷೆ ಇಂಗ್ಲಿಷಿನ 'ಟಿ' ಅಕ್ಷರದ ಆಕಾರಕ್ಕೆ ಬಂದಿದೆ.

ಅಲ್ಲಿ ಇಂಥವನ್ನು ಗೋಪುರ ಮನೆಗಳೆನ್ನುತ್ತಾರೆ. ಸೈನ್ಯದ ಮುತ್ತಿಗೆಯನ್ನು ತಡೆಯುವುದು ಇವುಗಳ ಉದ್ದೇಶವಲ್ಲ. ನೆರೆಯ ಮನೆತನದ ದಾಳಿಯನ್ನೋ ದರೋಡೆಯನ್ನೋ ಒಂದೆರಡು ದಿನ ತಾಳಿಕೊಂಡರೆ ಸಾಕಾಗಿತ್ತು. ಆದ್ದರಿಂದ ಕೆಳಗೆ ಕಮಾನಿನ ಉಗ್ರಾಣ, ಮೇಲಿನ ಅಂತಸ್ತಿನಲ್ಲಿ ದೊಡ್ಡ ಪಡಸಾಲೆ, ಹತ್ತಲು ಇಕ್ಕಟ್ಟಾದ ಸುರುಳಿ ಮೆಟ್ಟಿಲು. ನಮ್ಮ ಹಳ್ಳಿಗಳ ಹುಡೇವಿನೊಳಗೆ (ಕಾವಲು ಬುರುಜಿನೊಳಗೆ) ಸಂಸಾರ ಹೂಡಿದಂತೆ ಎಂದುಕೊಳ್ಳಿ. ಮೆಟ್ಟಿಲು ಮೆಟ್ಟಿಲಾಗಿ ಏರುವ ತ್ರಿಕೋನ ಗೋಡೆಗಳೂ ಮೂಲೆಗಳ ಶಂಕುವಿನಾಕಾರದ ಸಣ್ಣ ಗೋಪುರಗಳೂ ಆ ಕಾಲಕ್ಕೆ ರಕ್ಷಣೆಗಿಂತ ಹೆಚ್ಚಾಗಿ ಮನೆತನದ ಠೀವಿಯನ್ನು ತೋರಿಸುತ್ತಿದ್ದವು.

ಉತ್ತರ (ವಿಜಯಪುರದಿಂದ)

ಮೇಲಿನವರ ವಿವರಣೆ ಸರಿಯಾಗಿದೆ. ಒಡೆತನದ ಕಥೆಯನ್ನಷ್ಟೇ ಸೇರಿಸುತ್ತೇನೆ. ಆಸ್ತಿಯನ್ನು ಕರಗಿಸಿಕೊಂಡ ಒಲಿಫಂಟರು 1613ರಲ್ಲಿ ಕೆಲ್ಲಿಯನ್ನು ಸರ್ ಥಾಮಸ್ ಅರ್ಸ್ಕಿನ್‌ಗೆ ಮಾರಿದರು. ಆತ ಆರನೆಯ ಜೇಮ್ಸ್ ದೊರೆಯ ಆಪ್ತ, 1619ರಲ್ಲಿ ಕೆಲ್ಲಿಯ ಅರ್ಲ್ ಆದವನು. ಚಾವಣಿಯ ಗಾರೆಯ ಉಬ್ಬುಗೆಲಸ ಆ ವಂಶದವರ ಕಾಲದ್ದು. ದ್ರಾಕ್ಷಿ ಬಳ್ಳಿಯ ಕೋಣೆ ಎಂದು ಹೆಸರಾದ ಕೋಣೆಯ ಚಾವಣಿಯ ನಡುವೆ, ಹಾಲಿರೂಡ್ ಅರಮನೆಗೆ ರಾಜರ ಭಾವಚಿತ್ರಗಳನ್ನು ಬರೆದ ಯಾಕೋಬ್ ಡಿ ವೆಟ್‌ನ ಚಿತ್ರವಿದೆ.

ಅಲ್ಲಿ 1685ರ ಕಾನೂನು ಜಮೀನನ್ನು ಒಡೆಯದೆ, ಮಾರದೆ ಒಬ್ಬನೇ ವಾರಸುದಾರನಿಗೆ ಕಟ್ಟಿಹಾಕಲು ಅವಕಾಶ ಕೊಟ್ಟಿತ್ತು. ಸ್ಕಾಟ್ಲೆಂಡಿನ ಅನೇಕ ಸಣ್ಣ ಎಸ್ಟೇಟುಗಳು ತುಂಡಾಗದೆ ಉಳಿದದ್ದರ ಹಿಂದೆ ಇದೂ ಒಂದು ಕಾರಣ. ನಮ್ಮ ದೇಸಾಯಿ ವತನಗಳನ್ನು (ಹುದ್ದೆಗೆ ಪ್ರತಿಯಾಗಿ ವಂಶಪಾರಂಪರ್ಯವಾಗಿ ಬಂದ ಜಮೀನು, ಹಕ್ಕುಗಳನ್ನು) 1950ರ ಮುಂಬಯಿ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯಿದೆ ಕೊನೆಗೊಳಿಸಿದರೆ, ಅಲ್ಲಿ ಊಳಿಗಮಾನ್ಯ ಭೂ ಹಿಡುವಳಿ ಪೂರ್ತಿ ರದ್ದಾದದ್ದು 2004ರ ನವೆಂಬರ್ 28ರಂದು.

ಮರುಪ್ರಶ್ನೆ (ಬೈಲಹೊಂಗಲದಿಂದ)

ಇಬ್ಬರಿಗೂ ಧನ್ಯವಾದಗಳು. ಇಷ್ಟು ಹಳೆಯ ಒಳಾಂಗಣ ಕೆಡದೆ ಉಳಿದದ್ದು ಹೇಗೆ?

ಉತ್ತರ (ಬಾಗಲಕೋಟೆಯಿಂದ)

ವಿಚಿತ್ರವೆಂದರೆ, ಪಾಳು ಬಿದ್ದದ್ದೇ ಅದನ್ನು ಉಳಿಸಿತು ಎಂಬುದು ನನ್ನ ಅಭಿಪ್ರಾಯ. ವಿಕ್ಟೋರಿಯಾ ಕಾಲದಲ್ಲಿ ಅನುಕೂಲವಂತರು ತಮ್ಮ ಹಳೆಯ ಮನೆಗಳನ್ನು ಕೆಡವಿ ಹಿಗ್ಗಿಸುತ್ತಿದ್ದಾಗ, ಕೆಲ್ಲಿಯಲ್ಲಿ ಖರ್ಚು ಮಾಡುವವರೇ ಇರಲಿಲ್ಲ. 1878ರಲ್ಲಿ ಎಡಿನ್‌ಬರೋದ ಕಾನೂನು ಪ್ರಾಧ್ಯಾಪಕ ಜೇಮ್ಸ್ ಲಾರಿಮರ್ ಅದನ್ನು ಗುತ್ತಿಗೆಗೆ ಹಿಡಿದು ದುರಸ್ತಿಗೆ ತೊಡಗಿದರು. ಕಾಗೆ ಗೂಬೆಗಳಿಂದ ಬಿಡಿಸಿಕೊಂಡ ಮನೆಯಿದು ಎಂಬರ್ಥದ ಲ್ಯಾಟಿನ್ ಬರಹವೂ ಅಲ್ಲಿದೆ. ಅಲ್ಲಿ ಬೆಳೆದ ಅವರ ಮಗ ರಾಬರ್ಟ್ ಮುಂದೆ ಎಡಿನ್‌ಬರೋ ಕೋಟೆಯೊಳಗಿನ ರಾಷ್ಟ್ರೀಯ ಯುದ್ಧ ಸ್ಮಾರಕದ ವಾಸ್ತುಶಿಲ್ಪಿಯಾದರು. 1970ರಲ್ಲಿ ಮನೆ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್‌ನ ಕೈಸೇರಿತು.

ನಿಮ್ಮ ವಾಡೆಗಳ ನಕ್ಷೆ ಬರೆಯುವಾಗಲೂ ಗೋಡೆ ಗೋಡೆ ಕೂಡುವ ಸಂದುಗಳನ್ನು ಗಮನಿಸಿ: ಕಲ್ಲುಗಳು ಒಂದರೊಳಗೊಂದು ಹೆಣೆದುಕೊಳ್ಳದೆ ನೇರ ಬಿರುಕಿನಂಥ ಗೆರೆ ಕಂಡರೆ, ಆ ಭಾಗವನ್ನು ಆಮೇಲೆ ಕಟ್ಟಿ ಸೇರಿಸಿರುವ ಸಾಧ್ಯತೆಯೇ ಹೆಚ್ಚು.